ನೀರಿನ ಮಹತ್ವವೊಂದೇ ಸಾಲದು

ಅನಂತಪುರ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆಯೆಂಬುದನ್ನು ಅಲ್ಲಿನ ಅನೇಕ ಮಕ್ಕಳು ಪಠ್ಯಪುಸ್ತಕದಿಂದ ಕಲಿಯಬೇಕಾಗಿಲ್ಲ. ಹಲ್ಲುಗಳ ಮೇಲಿನ ಕಂದು ಕಲೆಗಳು, ಹಿರಿಯರ ಕೀಲುನೋವು ಅದನ್ನು ಹೇಳುತ್ತವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ತೆಗೆಯುವ ಆರ್‌ಒ ಘಟಕಗಳು ಶುದ್ಧ ನೀರಿನೊಂದಿಗೆ ಲವಣ ತುಂಬಿದ ತ್ಯಾಜ್ಯ ನೀರನ್ನೂ ಹೊರಬಿಡುತ್ತವೆ, ವಿದ್ಯುತ್ತನ್ನೂ ಬೇಡುತ್ತವೆ. ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ತ್ಯಾಜ್ಯದೊಂದಿಗೆ ನೀರನ್ನು ಶುದ್ಧಗೊಳಿಸುವುದೇ ಸುಸ್ಥಿರ ಜಲಶುದ್ಧೀಕರಣ ಸಂಶೋಧನೆಯ ಗುರಿ.

ಇಂಥ ಊರಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಎಂಜಿನಿಯರಾಗಿ, ಅಮೆರಿಕದಲ್ಲಿ ಇದೇ ವಿಷಯದಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಸಂಶೋಧನೆ ಮುಂದುವರಿಸಲು ಬಯಸಿದಳೆಂದು ಇಟ್ಟುಕೊಳ್ಳಬಹುದು. ಅಲ್ಲಿನ ಕಾನೂನು ಅವಳಿಗೆ ಯಾವ ದಾರಿಯನ್ನು ತೋರಿಸುತ್ತದೆ?

ಉದ್ಯೋಗದಾತನಿಲ್ಲದ ಅರ್ಜಿ

ಅಮೆರಿಕದ 1990ರ ವಲಸೆ ಕಾಯಿದೆಯು ಉದ್ಯೋಗಾಧಾರಿತ ವಲಸೆಯನ್ನು ಐದು ಆದ್ಯತಾ ವರ್ಗಗಳಾಗಿ ವಿಂಗಡಿಸಿತು. ಎರಡನೆಯ ವರ್ಗವು ಉನ್ನತ ಪದವೀಧರರಿಗೆ ಮತ್ತು ಅಸಾಧಾರಣ ಸಾಮರ್ಥ್ಯವುಳ್ಳವರಿಗೆ ಮೀಸಲು. ಸ್ನಾತಕೋತ್ತರ ಪದವಿ ಇಲ್ಲದವರು ಪದವಿಯ ನಂತರ ಐದು ವರ್ಷಗಳ ಪ್ರಗತಿಪರ ಅನುಭವವನ್ನು ತೋರಿಸಬಹುದು. ಸಾಮಾನ್ಯವಾಗಿ ಈ ವರ್ಗದಲ್ಲಿ ಉದ್ಯೋಗದಾತನೇ ಅರ್ಜಿ ಸಲ್ಲಿಸಬೇಕು. ಆ ಹುದ್ದೆಗೆ ಅರ್ಹ ಸ್ಥಳೀಯರು ದೊರೆಯಲಿಲ್ಲವೆಂಬ ಕಾರ್ಮಿಕ ಇಲಾಖೆಯ ಪ್ರಮಾಣಪತ್ರವೂ ಬೇಕು. ಆದರೆ ‘ರಾಷ್ಟ್ರೀಯ ಹಿತ’ದ ದೃಷ್ಟಿಯಿಂದ ಈ ಎರಡೂ ಷರತ್ತುಗಳಿಗೆ ವಿನಾಯಿತಿ ನೀಡಲು ಅವಕಾಶವಿದೆ. ಆಗ ಎಂಜಿನಿಯರ್ ಐ-140 ನಮೂನೆಯಲ್ಲಿ ತನ್ನ ಪರವಾಗಿ ತಾನೇ ಅರ್ಜಿ ಸಲ್ಲಿಸಬಹುದು.

ರಾಷ್ಟ್ರೀಯ ಹಿತವೆಂದರೇನು ಎಂಬುದನ್ನು ಕಾಯಿದೆ ವ್ಯಾಖ್ಯಾನಿಸಿಲ್ಲ. ವಲಸೆ ಇಲಾಖೆಯ ಆಡಳಿತ ಮೇಲ್ಮನವಿ ಕಚೇರಿಯು 2016ರ ಡಿಸೆಂಬರ್‌ನಲ್ಲಿ ಧನಾಸರ್ ಪ್ರಕರಣದಲ್ಲಿ ಮೂರು ಕಸೋಟಿಗಳನ್ನು ನಿಗದಿಪಡಿಸಿತು. ಕೈಗೊಳ್ಳುವ ಕಾರ್ಯಕ್ಕೆ ಗಣನೀಯ ಮೌಲ್ಯವೂ ರಾಷ್ಟ್ರೀಯ ಮಹತ್ವವೂ ಇರಬೇಕು. ಅದನ್ನು ಮುನ್ನಡೆಸಲು ಅರ್ಜಿದಾರರು ಸಮರ್ಥರಾಗಿರಬೇಕು. ಒಟ್ಟಾರೆ ತೂಗಿ ನೋಡಿದಾಗ, ಷರತ್ತುಗಳಿಗೆ ವಿನಾಯಿತಿ ನೀಡುವುದೇ ದೇಶಕ್ಕೆ ಲಾಭಕರವೆನಿಸಬೇಕು.

ಆ ಅರ್ಜಿದಾರರು ವೈಮಾಂತರಿಕ್ಷ ಎಂಜಿನಿಯರಿಂಗ್‌ನ ಸಂಶೋಧಕರು, ಅಧ್ಯಾಪಕರು. ಅವರ ಸಂಶೋಧನೆಯು ಮೂರೂ ಕಸೋಟಿಗಳನ್ನು ದಾಟಿತು. ಧನಸಹಾಯ ಪಡೆದ ಹಲವು ಯೋಜನೆಗಳಲ್ಲಿ ಅವರದೇ ಪ್ರಮುಖ ಪಾತ್ರವಿದ್ದುದು ದಾಖಲೆಗಳಿಂದ ಸಿದ್ಧವಾಗಿತ್ತು. ಅವರ ಬೋಧನೆಯನ್ನೂ ಕಚೇರಿ ಮೌಲಿಕವೆಂದೇ ಒಪ್ಪಿತು. ಆದರೆ ಅದರ ಪರಿಣಾಮ ತರಗತಿಯಾಚೆಗೆ, ಇಡೀ ಶಿಕ್ಷಣ ಕ್ಷೇತ್ರಕ್ಕೆ ವ್ಯಾಪಿಸುವುದೆಂಬುದಕ್ಕೆ ಸಾಕ್ಷ್ಯವಿಲ್ಲವೆಂದು ಹೇಳಿ ಬದಿಗಿಟ್ಟಿತು.

ಜಲತಜ್ಞೆಗೆ ಈ ವ್ಯತ್ಯಾಸವೇ ಮುಖ್ಯ ಪಾಠ. ‘ನೀರು ಜೀವಜಲ’ ಎಂಬ ಮಾತು ಯಾವ ಅರ್ಜಿಯನ್ನೂ ಗೆಲ್ಲಿಸದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ, ಸುಲಭವಾಗಿ ನಶಿಸದ ಪಿಎಫ್ಎಎಸ್ ರಾಸಾಯನಿಕಗಳ ಪೈಕಿ ಎರಡಕ್ಕೆ ಕುಡಿಯುವ ನೀರಿನಲ್ಲಿ ಲೀಟರಿಗೆ 4 ನ್ಯಾನೋಗ್ರಾಂ ಮಿತಿಯನ್ನು ವಿಧಿಸಿತು. ಇಂಥ ಅಗತ್ಯವೊಂದಕ್ಕೆ ತನ್ನ ವಿಧಾನವು ಹೇಗೆ ನೆರವಾಗುವುದು, ಒಂದು ಸ್ಥಾವರವನ್ನು ದಾಟಿ ಇತರೆಡೆಗಳಲ್ಲಿಯೂ ಹೇಗೆ ಬಳಕೆಯಾಗುವುದು ಎಂಬುದನ್ನು ಅವಳು ತೋರಿಸಬೇಕು. ಪ್ರಬಂಧಗಳು, ಪೇಟೆಂಟುಗಳು, ಪ್ರಯೋಗದ ಫಲಿತಾಂಶಗಳು, ತಜ್ಞರ ಪತ್ರಗಳು ಅದಕ್ಕೆ ಆಧಾರ. ತಂಡದ ಸಾಧನೆಯಲ್ಲಿ ತನ್ನ ಪಾಲು ಎಷ್ಟೆಂಬುದೂ ಸ್ಪಷ್ಟವಾಗಿರಬೇಕು. ಕಲಿತದ್ದು ಯಾವ ಮಾಧ್ಯಮದಲ್ಲಿ ಎಂದು ಈ ಕಸೋಟಿಗಳಲ್ಲಿ ಯಾವುದೂ ಕೇಳುವುದಿಲ್ಲ.

ಮಂಜೂರಾತಿಯ ನಂತರದ ಸರದಿ

ಮಂಜೂರಾತಿಯೆಂದರೆ ಗ್ರೀನ್ ಕಾರ್ಡ್ ಅಲ್ಲ. ಉದ್ಯೋಗಾಧಾರಿತ ವಲಸೆಗೆ ವರ್ಷಕ್ಕೆ ಸುಮಾರು 1,40,000 ವೀಸಾಗಳಿದ್ದು, ಪತಿ ಅಥವಾ ಪತ್ನಿ ಮತ್ತು ಮಕ್ಕಳೂ ಆ ಲೆಕ್ಕದಲ್ಲೇ ಸೇರುತ್ತಾರೆ. ಸಾಮಾನ್ಯವಾಗಿ ಒಂದು ದೇಶಕ್ಕೆ ಶೇ. 7ರ ಮಿತಿಯಿದೆ, ಇಲ್ಲಿ ಲೆಕ್ಕಕ್ಕೆ ಬರುವುದು ಜನ್ಮಸ್ಥಳವೇ ಹೊರತು ಪೌರತ್ವವಲ್ಲ. ಭಾರತದಲ್ಲಿ ಹುಟ್ಟಿ ಎರಡನೆಯ ವರ್ಗದಲ್ಲಿ ಅರ್ಜಿ ಸಲ್ಲಿಸಿದವರ ಪೈಕಿ 2025ರಲ್ಲಿ ಸರದಿ ಬಂದದ್ದು 2012-13ರ ಅರ್ಜಿಗಳಿಗೆ. ಈ ನಡುವೆ ಕಾನೂನುಬದ್ಧ ವಾಸಕ್ಕೆ ಎಚ್-1ಬಿಯಂಥ ಬೇರೆ ವೀಸಾ ಬೇಕು. ಅದರ ಅವಧಿ ಸಾಮಾನ್ಯವಾಗಿ ಆರು ವರ್ಷ. ಐ-140 ಮಂಜೂರಾಗಿ ಸರದಿಗಾಗಿ ಕಾಯುತ್ತಿರುವವರಿಗೆ ಅದನ್ನು ವಿಸ್ತರಿಸಲು ಅವಕಾಶವಿದೆ. ಜೊತೆಗೆ ಹೋದ ಮಗುವಿಗೆ 21 ವರ್ಷ ತುಂಬಿದರೆ, ವಯಸ್ಸಿನ ಲೆಕ್ಕದಲ್ಲಿ ಕಾನೂನು ನೀಡುವ ಸೀಮಿತ ರಿಯಾಯಿತಿಯ ಹೊರತು, ಪೋಷಕರ ಅರ್ಜಿಯಿಂದ ಅದು ಹೊರಗುಳಿಯುತ್ತದೆ. ಹೊರಡುವ ಮುನ್ನವೇ ಮನೆಯವರು ಕುಳಿತು ಚರ್ಚಿಸಬೇಕಾದ ವಿಷಯವಿದು.

ಮನೆಯಲ್ಲೇ ಆಗಬೇಕಾದ ಕೆಲಸ

ಗಡಿನಾಡಿನ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಜನನ ಪ್ರಮಾಣಪತ್ರ ತೆಲುಗಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಶಾಲೆಯ ವರ್ಗಾವಣೆ ಪತ್ರ ಕನ್ನಡದಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ. ಒಂದೆಡೆ ಇನಿಷಿಯಲ್, ಇನ್ನೊಂದೆಡೆ ಮನೆತನದ ಹೆಸರು, ಮತ್ತೊಂದೆಡೆ ತಂದೆಯ ಹೆಸರು. ಇಂಗ್ಲಿಷೇತರ ದಾಖಲೆಗಳಿಗೆ ಪೂರ್ಣ ಇಂಗ್ಲಿಷ್ ಅನುವಾದವನ್ನೂ, ಅದು ನಿಖರವಾಗಿದೆ, ಅನುವಾದಿಸಲು ತಾನು ಸಮರ್ಥ ಎಂಬ ಅನುವಾದಕರ ದೃಢೀಕರಣವನ್ನೂ ಅಮೆರಿಕದ ನಿಯಮ ಕೇಳುತ್ತದೆ. ದಾಖಲೆ ಕನ್ನಡದಲ್ಲಿರುವುದು ದೋಷವಲ್ಲ. ದಾಖಲೆಗಳು ಪರಸ್ಪರ ಹೊಂದದಿರುವುದೇ ತೊಂದರೆಗೆ ಮೂಲ. ಜನನ ನೋಂದಣಿಯೇ ಆಗಿಲ್ಲವಾದರೆ, 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ವಿಳಂಬ ನೋಂದಣಿಗೆ ಅವಕಾಶವಿದೆ.

ವಿದೇಶದ ಮಾತು ಬರುವವರೆಗೂ ಇದಕ್ಕೆ ಕಾಯಬೇಕಾಗಿಲ್ಲ. ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ಶಾಲೆಯ ದಾಖಲಾತಿ ಪುಸ್ತಕ, ಜನನ ಪ್ರಮಾಣಪತ್ರ ಮತ್ತು ಆಧಾರ್ ಕಾರ್ಡುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವುದು ಪೋಷಕರ ಒಂದು ಸಂಜೆಯ ಕೆಲಸ. ಆ ತಿದ್ದುಪಡಿ ಅಂದು ಸುಲಭ. ಇಪ್ಪತ್ತು ವರ್ಷಗಳ ನಂತರ ಪರದೇಶದಿಂದ ಮಾಡಿಸುವುದು ಕಷ್ಟ.