‘ಡಿ.ಒ.’ ಯಾಕೆ ಅಂತ ಕೇಳಿದರೆ?

ಅಮೆರಿಕದಲ್ಲಿರುವ ಅಕ್ಕನ ಮಗಳಿಗೆ ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿದೆಯಾ? ‘ಅಯ್ಯೋ, ಎಂ.ಡಿ. ಸಿಗಲಿಲ್ವಾ?’ ಅಂತ ಮಾತ್ರ ಕೇಳಬೇಡಿ, ಮಗು ನೊಂದುಕೊಳ್ಳುತ್ತೆ. ಅಲ್ಲಿ ಡಿ.ಒ. ಓದಿದವರೂ ಪೂರ್ಣ ವೈದ್ಯರೇ. ಔಷಧಿ ಬರೆಯುತ್ತಾರೆ, ಆಪರೇಷನ್ನೂ ಮಾಡುತ್ತಾರೆ. ಮೂಳೆ, ಸ್ನಾಯುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವುದನ್ನು ಹೆಚ್ಚುವರಿಯಾಗಿ ಕಲಿಯುತ್ತಾರೆ, ಅಷ್ಟೇ. ಆಂಡ್ರ್ಯೂ ಟೇಲರ್ ಸ್ಟಿಲ್ ಇದರ ಮೊದಲ ಕಾಲೇಜು ತೆರೆದದ್ದು 1892ರಲ್ಲಿ, ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ.

ಸಂದರ್ಶನದಲ್ಲಿ ‘ಡಿ.ಒ. ಯಾಕೆ?’ ಎಂಬ ಪ್ರಶ್ನೆ ಬಂದೇ ಬರುತ್ತೆ ಅಂದುಕೊಳ್ಳಿ. ‘ಎಂ.ಡಿ. ಸೀಟು ಕಷ್ಟ, ಅದಕ್ಕೆ’ ಅಂದರೆ ಮುಗೀತು! ‘ದೇಹ, ಮನಸ್ಸು ಒಂದೇ’ ಅಂತ ಉರು ಹೊಡೆದು ಒಪ್ಪಿಸಿದರೂ ಉಪಯೋಗ ಕಮ್ಮಿ. ಎಲ್ಲರೂ ಅದನ್ನೇ ಹೇಳ್ತಾರೆ. ಅದರ ಬದಲು ಡಿ.ಒ. ವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಕೆಲವು ದಿನ ಜೊತೆಗಿದ್ದು ನೋಡಲಿ. ಬೆನ್ನುನೋವು ಅಂತ ಬಂದವರನ್ನು ಅವರು ಹೇಗೆ ಮುಟ್ಟಿ ಪರೀಕ್ಷಿಸಿದರು ಅನ್ನೋದನ್ನ ತನ್ನದೇ ಮಾತಲ್ಲಿ ಹೇಳಲಿ. ನಿಮಗೇ ಒಮ್ಮೆ ಕನ್ನಡದಲ್ಲಿ ವಿವರಿಸೋಕೆ ಹೇಳಿ, ತೊದಲುವುದು ಎಲ್ಲಿ ಅಂತ ಗೊತ್ತಾಗುತ್ತೆ.

ಕೊನೆಗೆ ‘ನೀವೇನಾದರೂ ಕೇಳಬೇಕಾ?’ ಅನ್ನುವುದುಂಟು. ‘ಇಲ್ಲ’ ಅನ್ನಬಾರದು. ಕೊನೆಯ ಎರಡು ವರ್ಷದ ಆಸ್ಪತ್ರೆ ತರಬೇತಿ ಎಲ್ಲಿ ಅಂತ ವಿಚಾರಿಸಲಿ. ಎಷ್ಟೋ ಡಿ.ಒ. ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇಲ್ಲ. ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಬೇಕಾಗಬಹುದು.