ಗಂಡಭೇರುಂಡ ಹ್ಯಾಂಗ ಹೊಡೆದಾಡ್ತದ?

ಹೋದ ಸೆಮಿಸ್ಟರ್‌ನಲ್ಲಿ ಬೀದರ್, ಭಾಲ್ಕಿ, ಔರಾದ್‌ನ ನಾವು ಮೂವರು ಸೇರಿ ಒಂದು ಫ್ಯಾಂಟಸಿ ಕಥೆ ಬರೆದೆವು. ಬೀದರ್ ಕೋಟೆಯ ಶರ್ಜಾ ದರ್ವಾಜಾದ ಮೇಲೆ ಕೆತ್ತಿರೋ ಎರಡು ಹುಲಿಗಳು ರಾತ್ರಿ ಕೆಳಗಿಳಿದು ಗಂಡಭೇರುಂಡದ ಜೊತೆ ಹೊಡೆದಾಡುತ್ತವೆ. ಕ್ಲಬ್ಬಿನಲ್ಲಿ ಓದಿದಾಗ ಫೈಟ್ ಸೀನ್‌ಗೆ ಎಲ್ಲರೂ ನಕ್ಕರು. ಅದು ಕಾಮಿಡಿ ಸೀನ್ ಆಗಿರಲಿಲ್ಲ! ಎಲ್ಲಿ ತಪ್ಪಿದೆವು ಅಂತ ಹುಡುಕಿದಾಗ ಸಿಕ್ಕಿದ್ದು ಇಷ್ಟು.

1. ತೂಕ ಮರೀಬೇಡಿ
ನಮ್ಮ ಹುಲಿ ಮಾಮೂಲಿ ಹುಲಿಗಿಂತ 10 ಪಟ್ಟು ದೊಡ್ಡದು, ಆದರೂ ಬೆಕ್ಕಿನಂತೆ ಜಿಗೀತಿತ್ತು. ಎಂಜಿನಿಯರಿಂಗ್ ಓದೋರು ಹೀಗೆ ಬರೀಬಾರದಿತ್ತು. ಉದ್ದ, ಅಗಲ, ಎತ್ತರ ಮೂರೂ 10 ಪಟ್ಟಾದರೆ ತೂಕ 1000 ಪಟ್ಟಾಗುತ್ತದೆ. ಆದರೆ ಕಾಲಿನ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಬರೀ 100 ಪಟ್ಟು. ಅಂದರೆ ಮೂಳೆಯ ಮೇಲಿನ ಸ್ಟ್ರೆಸ್ 10 ಪಟ್ಟು. ಗೆಲಿಲಿಯೋ ಇದನ್ನು 1638ರಲ್ಲೇ ಹೇಳಿದ್ದ. ಆದ್ದರಿಂದ ದೈತ್ಯ ಪ್ರಾಣಿಗೆ ಕಂಬದಂಥ ಕಾಲು ಕೊಡಿ, ನಿಧಾನ ನಡೆಸಿ. ಬಿದ್ದರೆ ತನ್ನ ತೂಕಕ್ಕೇ ಮೂಳೆ ಮುರಿಯುವ ಭಯ ಅದಕ್ಕೂ ಇರಲಿ.

2. ಗೊತ್ತಿರೋದರಿಂದ ಶುರು ಮಾಡಿ
ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿದೆ. ಮೊದಲ ನಾಲ್ಕು ನಮಗೆ ಗೊತ್ತಿರೋ ಪ್ರಾಣಿಗಳು. ಅವುಗಳ ಬಲ ಗೊತ್ತಿರೋದಕ್ಕೇ ಕೊನೆಯ ಎರಡನ್ನೂ ನಂಬುತ್ತೇವೆ. ನಾವೋ, ಸೀದಾ ಗಂಡಭೇರುಂಡದಿಂದಲೇ ಶುರು ಮಾಡಿದ್ದೆವು.

3. ಜಗಳ ಮೊದಲ ಏಟಿಗಿಂತ ಮುಂಚೆ ಶುರುವಾಗುತ್ತೆ
ಔರಾದ್ ಗೆಳೆಯನ ಮುತ್ಯಾ ದೇವಣಿ ದನ ಸಾಕಿದವರು. ಎರಡು ಹೋರಿ ಎದುರಾದರೆ ತಕ್ಷಣ ಹಾಯೋದಿಲ್ಲವಂತೆ. ಅಡ್ಡ ನಿಂತು ಮೈ ದೊಡ್ಡದಾಗಿ ತೋರಿಸ್ತವೆ, ಕಾಲಿಂದ ಮಣ್ಣು ಕೆದರ್ತವೆ, ಬುಸುಗುಡ್ತವೆ. ಎಷ್ಟೋ ಸಲ ಒಂದು ಸುಮ್ಮನೆ ಮುಖ ತಿರುಗಿಸಿ ಹೋಗಿಬಿಡ್ತದೆ. ಯಾವ ಪ್ರಾಣಿಗೂ ಪುಕ್ಕಟೆ ಸಾಯೋ ಆಸೆ ಇಲ್ಲ. ನಿಮ್ಮ ರಾಕ್ಷಸ ಯಾಕೆ ಓಡಿಹೋಗ್ತಿಲ್ಲ? ಮರಿ ಇದೆಯಾ, ಹಸಿವಾ, ದಾರಿ ಮುಚ್ಚಿದೆಯಾ? ಇದಕ್ಕೆ ಉತ್ತರ ಇಲ್ಲದಿದ್ದರೆ ಅದು ಬರೀ ವಿಡಿಯೋ ಗೇಮ್.

4. ಎಲ್ಲದಕ್ಕೂ ‘ಅಟ್ಯಾಕ್’ ಬೇಡ
ಇದು ನಮಗೆ ನಿಜಕ್ಕೂ ನಾಚಿಕೆಯಾದ ವಿಷಯ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಒಂದೇ ಸೀನ್‌ನಲ್ಲಿ ‘ಅಟ್ಯಾಕ್ ಮಾಡಿತು’ ಅಂತ 11 ಸಲ ಬರೆದಿದ್ದೆವು. ಮುತ್ಯಾ ಕೇಳಿ ಅಂದರು: “ಹೋರಿ ಹಾಯ್ತದ, ನಾಯಿ ಕಚ್ಚತದ, ಕತ್ತಿ ಒದೀತದ, ಬೆಕ್ಕು ಪರಚತದ, ಹದ್ದು ಕುಕ್ಕತದ. ಎಲ್ಲಾಕ್ಕೂ ಒಂದೇ ಮಾತು ಹ್ಯಾಂಗ ಹಚ್ಚಿರಿ?” ಮನೆಯಲ್ಲೇ ಇದ್ದ ಶಬ್ದಗಳು, ನಾವೇ ಕೇಳಿರಲಿಲ್ಲ.

ಸೀನ್ ಪೂರ್ತಿ ಬದಲಿಸಿ ಬರೆದೆವು. ಫೋನಿನಲ್ಲಿ ಮುತ್ಯಾಗೆ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಜಗಳ ಬರೋಬ್ಬರಿ ಅದ. ಆ ಎರಡು ತಲಿ ಹಕ್ಕಿ ಮಾತ್ರ ನಾ ನೋಡಿಲ್ಲಪಾ.”

ನಿಮ್ಮ ಫೈಟ್ ಸೀನ್ ಇದ್ದರೆ ಕ್ಲಬ್ಬಿಗೆ ತನ್ನಿ. ಈ ಸಲ ನಗೋದಿಲ್ಲ, ಪ್ರಾಮಿಸ್.