ಮನೆಯ ಗಣಕಯಂತ್ರಕ್ಕೆ ಎಷ್ಟು ದೊಡ್ಡ ಮದರ್‌ಬೋರ್ಡು?

ಗೃಹೋಪಯೋಗಿ ವಸ್ತುಗಳನ್ನು ಕೊಳ್ಳುವಾಗ ದೊಡ್ಡದೇ ಲೇಸೆಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕಡಾಯಿಯ ವಿಷಯದಲ್ಲಿ ಅದು ಸಲ್ಲಬಹುದು. ಗಣಕಯಂತ್ರದ ವಿಷಯದಲ್ಲಿ ಸಲ್ಲದು. ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ಅಂಗಡಿಯ ಲೆಕ್ಕಪತ್ರಕ್ಕಾಗಿಯೋ ಬಿಡಿಭಾಗಗಳನ್ನು ಕೊಂಡು ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗುವುದುಂಟು. ಹೋಗಿಬರಲು ನೂರು ಕಿಲೋಮೀಟರಿನಷ್ಟು ಪ್ರಯಾಣ. ಒಂದು ದಿನದ ಸಂಪಾದನೆ ನಷ್ಟ. ತಂದ ಮದರ್‌ಬೋರ್ಡು ಕ್ಯಾಬಿನೆಟ್ಟಿನೊಳಗೆ ಕೂರದಿದ್ದರೆ ಅದೇ ದಾರಿಯನ್ನು ಮತ್ತೆ ತುಳಿಯಬೇಕು. ಆದುದರಿಂದ ಅಳತೆಯನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳುವುದು ವಿವೇಕ.

ಮದರ್‌ಬೋರ್ಡೆಂದರೆ ಪ್ರೊಸೆಸರ್, ರ‍್ಯಾಮ್ ಮೊದಲಾದ ಅಂಗಗಳೆಲ್ಲವೂ ಬಂದು ಕೂಡುವ ಹಲಗೆ. ಪೇಟೆಯಲ್ಲಿ ಮುಖ್ಯವಾಗಿ ಮೂರು ಅಳತೆಗಳಿವೆ. 1995ರಲ್ಲಿ ಇಂಟೆಲ್ ಸಂಸ್ಥೆಯು ಗೊತ್ತುಮಾಡಿದ ಎಟಿಎಕ್ಸ್ ಹಲಗೆಯು 305 ಮಿಲಿಮೀಟರ್ ಉದ್ದ, 244 ಅಗಲ. 1997ರ ಮೈಕ್ರೋ ಎಟಿಎಕ್ಸ್ 244 ಮಿಲಿಮೀಟರಿನ ಚೌಕ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆಯು ಹೊರತಂದ ಮಿನಿ ಐಟಿಎಕ್ಸ್ 170 ಮಿಲಿಮೀಟರಿನ ಚೌಕ. ಚಿಕ್ಕ ಹಲಗೆಯು ದೊಡ್ಡ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕೂರುತ್ತದೆ. ದೊಡ್ಡದು ಚಿಕ್ಕದರಲ್ಲಿ ಕೂರದು.

ಅಳತೆಯಿಂದ ಹೆಚ್ಚುವುದು ಮುಖ್ಯವಾಗಿ ಹೆಚ್ಚುವರಿ ಕಾರ್ಡುಗಳಿಗೆ ಇರುವ ಸ್ಥಳವೇ ಹೊರತು ಯಂತ್ರದ ವೇಗವಲ್ಲ. ಎಟಿಎಕ್ಸ್‌ನಲ್ಲಿ ಏಳರವರೆಗೆ, ಮೈಕ್ರೋದಲ್ಲಿ ನಾಲ್ಕರವರೆಗೆ, ಮಿನಿಯಲ್ಲಿ ಒಂದೇ ಕಾರ್ಡಿಗೆ ಎಡೆಯಿದೆ. ಮಿನಿಯಲ್ಲಿ ಗ್ರಾಫಿಕ್ಸ್ ಕಾರ್ಡು ಕೂತಿತೆಂದರೆ ಇನ್ನೊಂದಕ್ಕೆ ಜಾಗವಿಲ್ಲ. ರ‍್ಯಾಮಿಗೂ ಸಾಮಾನ್ಯವಾಗಿ ಎರಡೇ ಸ್ಥಾನ. ಇದಲ್ಲದೆ ಕಿರಿದಾದ ಪೆಟ್ಟಿಗೆಯಲ್ಲಿ ಬೇಸಗೆಯ ಬಿಸಿ ಬೇಗ ತುಂಬಿಕೊಳ್ಳುತ್ತದೆ, ರಿಪೇರಿಗೆ ಕೈ ಆಡದು, ಬೆಲೆಯೂ ಬಹುಮಟ್ಟಿಗೆ ಹೆಚ್ಚು.

ಚನ್ನಪಟ್ಟಣದ ಕುಶಲಕರ್ಮಿಯು ಯಾವ ಬೊಂಬೆಯನ್ನು ಮಾಡಬೇಕೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ತಕ್ಕ ಮರದ ತುಂಡನ್ನು ಕಡೆಯಲು ತೆಗೆದುಕೊಳ್ಳುತ್ತಾನೆ. ಗೃಹಸ್ಥರೂ ಹಾಗೆಯೇ ನಡೆಯತಕ್ಕದ್ದು. ಪಾಠ, ಲೆಕ್ಕ, ಪತ್ರವ್ಯವಹಾರ, ಚಲನಚಿತ್ರ, ಮಕ್ಕಳ ಆಟ ಇಷ್ಟೇ ಉದ್ದೇಶವಾದರೆ ಮೈಕ್ರೋ ಎಟಿಎಕ್ಸ್ ಧಾರಾಳವಾಗಿ ಸಾಕು. ಎರಡು ಮೂರು ಕಾರ್ಡುಗಳನ್ನು ಬಯಸುವ ವೃತ್ತಿಪರರಿಗೆ ಎಟಿಎಕ್ಸ್. ಮೇಜಿನ ಮೇಲೆ ಸ್ಥಳವೇ ಇಲ್ಲದವರಿಗೆ ಮಾತ್ರ ಮಿನಿ.

ಕೊಳ್ಳುವ ಮುನ್ನ ಮೂರು ವಿಷಯಗಳನ್ನು ವಿಚಾರಿಸತಕ್ಕದ್ದು. ಕ್ಯಾಬಿನೆಟ್ಟಿನ ವಿವರಣೆಯಲ್ಲಿ ಆ ಅಳತೆಯ ಹೆಸರಿದೆಯೇ? ಪ್ರೊಸೆಸರಿನ ಸಾಕೆಟ್ಟು ಹಲಗೆಗೆ ಸರಿಹೊಂದುವುದೇ? ರ‍್ಯಾಮ್ ಡಿಡಿಆರ್4 ಆಗಬೇಕೋ ಡಿಡಿಆರ್5 ಆಗಬೇಕೋ? ಕಚೇರಿಗಳಿಂದ ಹೊರಬಂದ ಹಳೆಯ ಯಂತ್ರಗಳನ್ನು ಅಗ್ಗವೆಂದು ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಅವುಗಳಲ್ಲಿ ಅನೇಕಕ್ಕೆ ತಯಾರಕರ ಸ್ವಂತ ಅಳತೆಯ ಹಲಗೆಯೂ ಬೇರೆ ಬಗೆಯ ವಿದ್ಯುತ್ ಜೋಡಣೆಯೂ ಇರುವುದರಿಂದ, ಒಂದು ಭಾಗ ಕೆಟ್ಟರೆ ಪೇಟೆಯ ಭಾಗವು ಹೊಂದದು. ಇಡೀ ಯಂತ್ರವೇ ಮೂಲೆಗೆ ಬೀಳುವ ಸಂಭವವುಂಟು. ಸರ್ವಸಾಮಾನ್ಯ ಅಳತೆಯ ಹಲಗೆಯಾದರೆ ಐದಾರು ವರ್ಷಗಳ ಮೇಲೂ ಊರಿನ ರಿಪೇರಿಯವರೇ ಬದಲಿಸಿಕೊಡಬಲ್ಲರು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಹಲಗೆಯ ವಿಸ್ತಾರದಲ್ಲಿ ಉಳಿಸಿದ ಹಣವನ್ನು ಹೆಚ್ಚಿನ ರ‍್ಯಾಮಿಗೂ, ಎಸ್‌ಎಸ್‌ಡಿಗೂ, ವಿದ್ಯುತ್ತು ಹೋದಾಗ ಕೆಲಸವನ್ನು ಕಾಯುವ ಯುಪಿಎಸ್ಸಿಗೂ ವಿನಿಯೋಗಿಸಿದರೆ ಅದರ ಫಲವು ಮನೆಮಂದಿಗೆಲ್ಲ ದಿನದಿನವೂ ದೊರೆಯುವುದು.